ಆದಿಲಕ್ಷ್ಮಮ್ಮನಿಗೆ ಇಬ್ಬರು ಡಾಕ್ಟರು

ವೇಮಗಲ್ ಕಡೆಯ ರೈತ ಆವಲಪ್ಪನಿಗೆ ಆ ದಿನ ಟೊಮೆಟೊ ರೇಟಿನ ಮೇಲೂ ಗಮನವಿರಲಿಲ್ಲ. ಕೆಲವು ವಾರಗಳಿಂದ ಹೆಂಡತಿ ಆದಿಲಕ್ಷ್ಮಮ್ಮ ಇದ್ದಕ್ಕಿದ್ದಂತೆ ಬೆವೆತು, ಕೈ ನಡುಗಿ, ಕುಸಿದು ಕೂರುತ್ತಿದ್ದಳು. ಸಕ್ಕರೆ ಕಾಯಿಲೆ ಏರಿದೆ ಎಂದು ತಾನೇ ತೀರ್ಪು ಕೊಟ್ಟುಕೊಂಡು, ಅವಳನ್ನೂ ಕರೆದುಕೊಂಡು ಕೋಲಾರದ ಔಷಧಿ ಅಂಗಡಿಗೆ ಬಂದ.

"ಇದೇ ಮಾತ್ರೆ ಕೊಡಮ್ಮಾ. ಇದಕ್ಕಿಂತ ಪವರ್ ಇರೋದಿದ್ರೆ ಅದನ್ನೇ ಕೊಡು," ಎಂದು ಖಾಲಿ ಶೀಟು ಮುಂದಿಟ್ಟ.

ಅಂಗಡಿಯಲ್ಲಿದ್ದ ರಮ್ಯ ಫಾರ್ಮಸಿ ಓದುವ ಹುಡುಗಿ, ತರಬೇತಿಗೆ ಬಂದವಳು. ಬೆಂಚಿನ ಮೇಲೆ ಬೆವರೊರೆಸಿಕೊಳ್ಳುತ್ತಿದ್ದ ಆದಿಲಕ್ಷ್ಮಮ್ಮನನ್ನು ನೋಡಿದಳು. "ಯಾವಾಗ ಹಿಂಗಾಗುತ್ತೆ ಅಜ್ಜಿ?"

"ಊಟ ತಡ ಆದ್ರೆ ಕಣಮ್ಮ."

ಆವಲಪ್ಪನಿಗೆ ರೇಗಿತು. "ಮಾತ್ರೆ ತಗೊಳ್ಳೋಕೆ ಬಂದಿದ್ದೀನಿ, ಪರೀಕ್ಷೆ ಬರೆಯೋಕಲ್ಲ! ಸುನಂದಮ್ಮಾ, ನೀವಾದ್ರೂ ಕೊಡಿ."

ಸುನಂದ ಆ ಅಂಗಡಿಯ ಫಾರ್ಮಸಿಸ್ಟ್, ರಮ್ಯಳಿಗೆ ಕೆಲಸ ಕಲಿಸುತ್ತಿದ್ದವರು. ಅವರು ಮಾತ್ರೆ ತೆಗೆಯಲಿಲ್ಲ. "ನಿಂಗೇನನ್ಸುತ್ತೆ ರಮ್ಯ? ಯಾಕೆ ಹಂಗನ್ಸುತ್ತೆ?" ಎಂದು ಶಿಷ್ಯೆಯನ್ನೇ ಕೇಳಿದರು.

"ಬೆವರು, ನಡುಕ, ಅದೂ ಹೊಟ್ಟೆ ಖಾಲಿ ಇದ್ದಾಗ. ಸಕ್ಕರೆ ಏರಿಲ್ಲ ಮೇಡಂ, ಇಳಿದಿರ್ಬೇಕು."

"ಅನ್ಸಿದ್ರೆ ಸಾಲ್ದು. ಚುಚ್ಚಿ ನೋಡು."

ಬೆರಳು ಚುಚ್ಚಿ ನೋಡಿದರೆ ಐವತ್ತೆಂಟು! ತಕ್ಷಣ ಸಕ್ಕರೆ ನೀರು ಕುಡಿಸಿದರು. "ಎಪ್ಪತ್ತಕ್ಕಿಂತ ಕೆಳಗಿಳಿದ್ರೆ ಅಪಾಯ. ಇನ್ನೂ ಮಾತ್ರೆ ನುಂಗಿಸಿದ್ರೆ ಪ್ರಾಣಕ್ಕೇ ಬರ್ತಿತ್ತು," ಎಂದರು ಸುನಂದ.

"ಬೇರೆ ಮಾತ್ರೆ ಏನಾದ್ರೂ ಕೊಡ್ತಿದ್ದೀರಾ ತಾತ?" ರಮ್ಯ ಬಿಡಲಿಲ್ಲ.

ಆವಲಪ್ಪ ಹಿಂಜರಿಯುತ್ತ ಜೇಬಿನಿಂದ ಇನ್ನೊಂದು ಶೀಟು ತೆಗೆದ. "ನಮ್ಮೂರ ಡಾಕ್ಟ್ರು ಇದನ್ನ ಕೊಟ್ಟಿದ್ರು. ಹೋದ ತಿಂಗಳು ಕೋಲಾರದ ಡಾಕ್ಟ್ರಿಗೂ ತೋರ್ಸ್ದೆ, ಆ ಖಾಲಿ ಶೀಟಿಂದು ಅವರು ಬರೆದಿದ್ದು. ಕೋಲಾರದವರ ಹತ್ರ ಊರಿನವರ ಹೆಸರೆತ್ತಿದ್ರೆ ಬೇಜಾರು ಮಾಡ್ಕೋತಾರೇನೋ ಅಂತ ಹೇಳ್ಲಿಲ್ಲ."

ರಮ್ಯ ಎರಡು ಶೀಟನ್ನೂ ಪಕ್ಕಪಕ್ಕ ಹಿಡಿದು ಸಣ್ಣ ಅಕ್ಷರ ಓದಿದಳು. ಕಂಪನಿ ಬೇರೆ, ಬಣ್ಣ ಬೇರೆ, ಒಳಗಿನ ಔಷಧಿ ಒಂದೇ. ಪಾಪ, ಆದಿಲಕ್ಷ್ಮಮ್ಮ ತಿಂಗಳಿಡೀ ದುಪ್ಪಟ್ಟು ನುಂಗಿದ್ದಳು.

"ಅಯ್ಯೋ ದೇವುಡಾ! ದಾಕ್ಷಿಣ್ಯ ನೋಡ್ಕೊಂಡು ಹೆಂಡ್ತೀನೇ ಕಳ್ಕೊಳ್ತಿದ್ನಲ್ಲ!"

ಸುನಂದ ಇಬ್ಬರನ್ನೂ ಎರಡು ಶೀಟಿನ ಸಮೇತ ನೇರ ಕೋಲಾರದ ಆ ಡಾಕ್ಟರ ಬಳಿ ಕಳಿಸಿದರು. ಡಾಕ್ಟರು ಸಂಜೆವರೆಗೆ ಇರಿಸಿಕೊಂಡು ನೋಡಿ, ಒಂದು ಮಾತ್ರೆ ನಿಲ್ಲಿಸಿದರು. ಬೇಜಾರು ಮಾಡಿಕೊಳ್ಳಲಿಲ್ಲ, ಮೊದಲೇ ಹೇಳಬಾರದಿತ್ತೇ ಎಂದರು ಅಷ್ಟೆ.

ಹೊರಗೆ ಬಂದಾಗ ಆದಿಲಕ್ಷ್ಮಮ್ಮನ ಮುಖದಲ್ಲಿ ಕಳೆ ಬಂದಿತ್ತು. "ಏನ್ ಹಂಗ್ ನೋಡ್ತೀಯ? ನಡಿ, ಬಸ್ಸು ತಪ್ಪುತ್ತೆ," ಎಂದು ಗಂಡನನ್ನು ಗದರಿದಳು. ಆ ಗದರಿಕೆ ಕೇಳಿ ಆವಲಪ್ಪನಿಗೆ ಹೋದ ಜೀವ ಬಂದಂತಾಯಿತು.

ವೈದ್ಯರ ಹತ್ತಿರ, ವಕೀಲರ ಹತ್ತಿರ ಮುಚ್ಚಿಡಬಾರದು ಎನ್ನುತ್ತಾರೆ. ಔಷಧಿ ಅಂಗಡಿಯವರನ್ನೂ ಆ ಸಾಲಿಗೆ ಸೇರಿಸಿಕೊಳ್ಳಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಜೊತೆಗೆ ಒಯ್ಯಿರಿ. ಫಾರ್ಮಸಿ ಓದುವ ಮಕ್ಕಳೇ, ಗಿರಾಕಿ ಗದರಿದರೂ ಕೇಳುವುದನ್ನು ಬಿಡಬೇಡಿ. ಗಿರಾಕಿಗಳೇ, ಅಂಗಡಿಯವರು ನಾಲ್ಕು ಮಾತು ಕೇಳಿದರೆ ನೀವು ಸಿಡುಕಬೇಡಿ, ನಿಂತು ಉತ್ತರ ಹೇಳಿ. ನಿಮ್ಮ ಮನೆಯವರು ನಿಮ್ಮ ಜೊತೆಗೇ ವಾಪಸ್ ಬರಬೇಕಲ್ಲವೇ?