ಇನ್ನೂ ಮೂರು ಕೊಂಬು

ಕೊಬ್ಬು ಸುಡುವ ವಾಸನೆ, ನಮ್ಮ ಗುಡ್ಡದ್ದೇ ವಾಸನೆ, ಆದರೆ ಇಲ್ಲಿ ಹೊಗೆ ದಪ್ಪ, ಯಾವ ಕುರಿ ಯಾರ ಮನೆಯದೆಂದು ಈ ಹೊಗೆಗೆ ಗೊತ್ತಿಲ್ಲ, ಗುಡ್ಡದ ಮೇಲೆ ಹಾಗಿರಲಿಲ್ಲ, ಅಲ್ಲಿ ಯಾಜಕ ನನ್ನ ಅಣ್ಣ ಮೆರೇಮೋತ, ಬಲಿಪೀಠದ ಮುಂದೆ ನಿಂತು ಒಂದೊಂದು ಮನೆಯನ್ನೂ ಹೆಸರು ಹಿಡಿದು ಕರೆಯುತ್ತಿದ್ದ, ಹೊಗ್ಲಾ, ನಿನ್ನ ಮರಿ ಯೆಹೋವನಿಗೆ ಮುಟ್ಟಿತು ಕಣೇ, ನಿಶ್ಚಿಂತೆಯಾಗಿ ಮನೆಗೆ ಹೋಗು, ನಾನು ನಂಬಿ ಹೋಗುತ್ತಿದ್ದೆ — ಈಗ ಅರಸನ ಅಪ್ಪಣೆ, ಊರೂರಿನ ಪೀಠವೆಲ್ಲ ನೆಲಸಮ, ಬಲಿ ಏನಿದ್ದರೂ ಯೆರೂಸಲೇಮಿನಲ್ಲಿ, ಹಾಗಾಗಿ ಪಸ್ಕ ಹಬ್ಬಕ್ಕೆ ಯೆಹೂದವೆಲ್ಲ ದೇವಾಲಯದ ಈ ಒಂದು ಅಂಗಳದಲ್ಲಿ ನೂಕಾಡುತ್ತಿದೆ, ಯಾರದೋ ಮೊಣಕೈ ನನ್ನ ಪಕ್ಕೆಗೆ, ನೋಡ್ಕೊಂಡು ನಡಿಯಮ್ಮಾ, ನೋಡಿಕೊಂಡೇ ನಡೆಯುತ್ತಿದ್ದೇನೆ ಮಾರಾಯ, ಮುಸುಕಿನೊಳಗೆ ಎರಡು ಕೈಯಲ್ಲೂ ಹಿಡಿದುಕೊಂಡು ನಡೆಯುತ್ತಿದ್ದೇನೆ, ಇದು ನಮ್ಮ ಪೀಠದ ಕೊಂಬು, ನಾಲ್ಕು ಮೂಲೆಗೆ ನಾಲ್ಕು ಕಲ್ಲಿನ ಕೊಂಬುಗಳಿದ್ದವು, ಇದೊಂದು ನನ್ನ ಗಂಡ ಯಾಖೀನನ ಕೈಯಲ್ಲಿ ಉಳಿಯಿತು, ಇದರ ಸುತ್ತ ಬಿಗಿದುಕೊಂಡಿದ್ದ ಅವನ ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಿದೆ, ತಣ್ಣಗಿದ್ದವು, ಈಗ ಇಲ್ಲೇ ಇರುವ ಅಣ್ಣನ ಕೈಗೆ ಕೊಟ್ಟು ಇಲ್ಲಿಯ ದೊಡ್ಡ ಪೀಠದ ಬುಡದಲ್ಲಿ ಇಡಿಸೋಣವೆಂದು ಊರಿಂದ ಹೊತ್ತು ತಂದೆ.

ಯಾಖೀನ ಮರ ಕಡಿಯುವಾಗ ಕೊಡಲಿಯ ಬಾಯಿ ಕಾವಿನಿಂದ ಕಳಚಿ ಹಾರಿತು ಅಷ್ಟೇ, ದ್ವೇಷವಿಲ್ಲ, ಜಗಳವಿಲ್ಲ, ಪಕ್ಕದಲ್ಲಿದ್ದ ಇಗಾಲನ ತಮ್ಮ ನೆಲಕ್ಕೆ ಬಿದ್ದ, ಏಳಲಿಲ್ಲ, ರಕ್ತಕ್ಕೆ ರಕ್ತ ಕೇಳುವುದು ಒಡಹುಟ್ಟಿದವನ ಹಕ್ಕು, ಯಾಖೀನ ಗುಡ್ಡ ಹತ್ತಿ ಓಡಿದ, ಕೊಂಬು ಹಿಡಿದ, ಇಗಾಲ ಕತ್ತಿ ಹಿರಿದು ಬಂದರೆ ಅಡ್ಡ ನಿಂತವನು ಅಣ್ಣನೇ, ಕೊಂಬು ಹಿಡಿದವನನ್ನ ಮುಟ್ಟಿದ್ರೆ ಯೆಹೋವನನ್ನ ಮುಟ್ಟಿದ ಹಾಗೆ, ಹಿರಿಯರು ಕೂತು ನ್ಯಾಯ ಹೇಳ್ಲಿ, ಅಲ್ಲೀತನಕ ಆ ಮರದ ಕೆಳಗೆ ಕೂತಿರು ಹೋಗು, ಇಗಾಲ ಹಲ್ಲು ಕಡಿಯುತ್ತ ಆಲಿವ್ ಮರದ ಕೆಳಗೆ ಕೂತ, ಅವತ್ತು ಅಣ್ಣನ ಕಾಲು ತೊಳೆದು ನೀರು ಕುಡಿಯಬೇಕೆನಿಸಿತ್ತು ನನಗೆ, ಯಾಖೀನನಿಗೆ ಬೇಳೆಗಂಜಿ ಒಯ್ದು ನಾನೇ ಬಾಯಿಗಿಡುತ್ತಿದ್ದೆ, ಕೈ ಬಿಡೋಕೆ ಭಯ ಕಣೇ, ನಿದ್ದೇಲೂ ಹಿಡ್ಕೊಂಡೇ ಇರ್ತೀನಿ, ಅಂತ ನಾಚಿಕೊಂಡು ನಗುತ್ತಿದ್ದ — ಹಿರಿಯರು ಸೇರುವ ಮೊದಲೇ ಅರಸನ ಆಳುಗಳು ಸುತ್ತಿಗೆ ಹಿಡಿದು ಬಂದರು, ನಾನು ಬಾವಿಯ ಹತ್ತಿರವಿದ್ದೆ, ಅಣ್ಣ ಏದುಸಿರು ಬಿಡುತ್ತ ಇಳಿದು ಬಂದ, ಒಡೆದುಬಿಟ್ರು ತಂಗೀ, ನಾನೇನ್ ಮಾಡ್ಲಿ, ಆದ್ರೆ ಹೆದರ್ಬೇಡ, ಕೊಂಬು ಅವನ ಕೈಯಲ್ಲೇ ಇದೆ, ತುಂಡಾದ್ರೂ ಅದು ಪೀಠವೇ, ಹಿಡ್ಕೊಂಡು ಸೀದಾ ಮನೆಗೆ ನಡಿ ಅಂದಿದ್ದೀನಿ, ಯಾರೂ ಮುಟ್ಟಲ್ಲ. ಯಾಖೀನ ನಂಬಿದ, ನಾನೂ ನಂಬಿದೆ, ಕೂಸನ್ನು ಎತ್ತಿಕೊಂಡವನ ಹಾಗೆ ಅದನ್ನು ಎದೆಗೊತ್ತಿಕೊಂಡು ಅವನು ಇಳಿದು ಬಂದ, ನನ್ನನ್ನು ನೋಡಿ ನಕ್ಕ ಕೂಡ, ಆಲಿವ್ ಮರದ ಕೆಳಗಿಂದ ಇಗಾಲ ಎದ್ದ, ಪೀಠದ ಮೇಲಿದ್ರೆ ಅದು ಕೊಂಬು, ನಿನ್ನ ಕೈಯಲ್ಲಿದ್ರೆ ಕಲ್ಲು ಕಣಯ್ಯಾ ಎಂದ, ಕತ್ತಿ ಬೀಸಿದ. ಇಗಾಲನ ಮೇಲೆ ನನಗೆ ಸಿಟ್ಟಿಲ್ಲ, ಅವನು ಹೇಳಿದ್ದನ್ನೇ ಮಾಡಿದ. ಅಣ್ಣನ ಮೇಲೂ ಇರಲಿಲ್ಲ, ಇವತ್ತು ಈ ಬಾಗಿಲು ದಾಟುವ ತನಕ ಇರಲಿಲ್ಲ.

ದೇವಾಲಯದ ಬಾಗಿಲು ಕಾಯುವ ಲೇವಿ ಕುಲದವನಿಗೆ ಬಾಯಿ ತುಂಬ ಮಾತು, ಯಾವೂರಮ್ಮಾ, ಓ, ಮೆರೇಮೋತನ ತಂಗಿಯಾ, ಜಾಣ ಕಣಮ್ಮಾ ನಿಮ್ಮಣ್ಣ, ಹಳ್ಳಿ ಯಾಜಕರು ಇಲ್ಲಿ ಪೀಠ ಹತ್ತೋ ಹಾಗಿಲ್ಲ, ರೊಟ್ಟಿ ಪಾಲು ಮಾತ್ರ ಉಂಟು, ಅದರಲ್ಲೂ ತಮ್ಮ ಪೀಠ ಕೈಯಾರೆ ಒಡೆದವರಿಗೆ ಮೊದಲ ಪಾಲು, ನಿಮ್ಮಣ್ಣ ಆಳುಗಳಿಗೆ ಕೆಲಸವನ್ನೇ ಇಡಲಿಲ್ಲವಂತೆ, ಮೊದಲ ಏಟೇ ಅವನದಂತೆ, ಯಾವನೋ ಒಂದು ಕೊಂಬು ತಬ್ಕೊಂಡು ಕೂತಿದ್ನಂತಲ್ಲ, ಏಟು ಬಿದ್ದದ್ದೂ ಆ ಕೊಂಬಿಗೇ, ಅದಕ್ಕೇ ಅಂತೆ — ನಕ್ಕ, ನಾನೂ ನಕ್ಕೆನೇನೋ, ಕಾಲು ತಾವೇ ನಡೆದವು, ಅದಕ್ಕೇ ಅಂತೆ, ಅದಕ್ಕೇ, ಇನ್ನೂ ಮೂರಿದ್ದವಲ್ಲ ಅಣ್ಣಾ, ಕೊಡಲಿ ಕಾವು ಕುಲಕ್ಕೆ ಸಾವು ಎಂದು ಅಮ್ಮ ಹೇಳುತ್ತಿದ್ದಳು, ನಾನು ಕೊಡಲಿಯನ್ನೇ ಬೈಯುತ್ತ ಕೂತಿದ್ದೆ, ಕಾವು ನಮ್ಮ ಮನೆಯಲ್ಲೇ ಹುಟ್ಟಿತ್ತು.

ಅಗೋ, ಅವನೇ, ಕೆನ್ನೆ ತುಂಬಿಕೊಂಡಿದೆ, ಕೈಯಲ್ಲಿ ಹುಳಿಯಿಲ್ಲದ ರೊಟ್ಟಿ, ಹೊಗ್ಲಾ, ಯಾವಾಗ ಬಂದೆ, ಸೊರಗಿದ್ದೀಯಲ್ಲೇ, ತಗೋ ತಿನ್ನು, ಬಿಸಿ ಇದೆ, ನಾನು ಕೇಳಿದೆ, ಮೊದಲ ಏಟು ಯಾರದು, ಅವನು ರೊಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ, ಅದು ಪೀಠವೇ ಅಲ್ಲ ತಂಗೀ, ಬರೀ ಕಲ್ಲು ಅಂತ ಇಲ್ಲಿ ದೊಡ್ಡವರು ಹೇಳ್ತಾರೆ, ಬರೀ ಕಲ್ಲಾದರೆ ಹಿಡಿದುಕೊಂಡು ನಡಿ ಎಂದು ಯಾಕೆ ಹೇಳಿದೆ, ಪೀಠವಾದರೆ ನಿನ್ನ ಕೈ ಹೇಗೆ ಎದ್ದಿತು, ನನ್ನ ಮರಿಗಳನ್ನೆಲ್ಲ ಯಾರಿಗೆ ಮುಟ್ಟಿಸಿದೆ — ಅಷ್ಟೆಲ್ಲ ಬಾಯಿಗೆ ಬರಲಿಲ್ಲ, ಇನ್ನೂ ಮೂರಿದ್ದವಲ್ಲ ಎಂದೆ, ಅಷ್ಟೇ. ಯಾಖೀನ ಹಿಡ್ಕೊಂಡಿರೋ ತನಕ ಆಳುಗಳು ಹತ್ತಿರ ಬರೋಕೆ ಹೆದರ್ತಿದ್ರು, ಮೊದ್ಲು ಅವನನ್ನ ಎಬ್ಬಿಸು, ಆಮೇಲೆ ನಿನ್ನ ಪಾಲಿನ ಮಾತು ಅಂದ್ರು, ಎಷ್ಟು ಹೇಳಿದ್ರೂ ಬಿಡಲಿಲ್ಲ ಅವನು. ಇಗಾಲ ಮರದ ಕೆಳಗಿದ್ದದ್ದು ನಿನಗೆ ಕಾಣಲಿಲ್ಲವಾ. ಕಾಣ್ತು.

ಕಾಣ್ತು ಎಂದ, ಹೊಗೆ ಕಣ್ಣಿಗೆ ಬರುತ್ತಿದೆ, ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಹೊಲ ಯಾರಿಗೆ ದೂರು ಕೊಡಬೇಕು, ಮುಸುಕಿನೊಳಗೆ ಏನದು, ಅಯ್ಯೋ ಇದನ್ನ ಯಾಕೆ ತಂದೆ, ಯಾರಾದ್ರೂ ನೋಡಿದ್ರೆ ನನ್ನ ಪಾಲು ಹೋಗುತ್ತೆ, ಕೊಡು ಇಲ್ಲಿ, ಮೆತ್ತಗೆ ಹೇಳುತ್ತಿದ್ದಾನೆ, ಹೆಸರು ಹಿಡಿದು ಕರೆಯುತ್ತಿದ್ದನಲ್ಲ ಅದೇ ದನಿಯಲ್ಲಿ, ಹೊಗ್ಲಾ, ಬಿಡು, ಕೈ ಬಿಡು ತಂಗೀ, ಯಾಖೀನನಿಗೂ ಹೀಗೇ ಹೇಳಿರಬೇಕು, ಅವನ ಕೈ ನನ್ನ ಕೈಯ ಮೇಲೆ, ಹಿಟ್ಟು ಮೆತ್ತಿದ ಬೆಚ್ಚನೆಯ ಕೈ, ಒಂದು ಬೆರಳು ಎತ್ತುತ್ತಾನೆ, ಇನ್ನೊಂದು ಎತ್ತುವಷ್ಟರಲ್ಲಿ ಮೊದಲನೆಯದು ಮತ್ತೆ ಕೂರುತ್ತದೆ, ನಾನಲ್ಲ, ನಾನು ಬಿಗಿಹಿಡಿದಿಲ್ಲ, ಬೆರಳುಗಳು, ಕೊಂಬಿನ ಸುತ್ತ ಬೆರಳುಗಳು, ಯಾಖೀನನವೂ ಹೀಗೇ ಇದ್ದವು, ಬೆರಳುಗಳು ಬಿಡುತ್ತಿಲ್ಲ.