ಚೀಲದಜ್ಜಿಯ ದಬ್ಬಳ

ಕಾಲೇಜಿಗೆ ಹೋಗುವ ಮಗಳು ಭಾನುವಾರವೂ ಮನೆಯಲ್ಲಿ ನಿಲ್ಲುವುದಿಲ್ಲವೆಂದು ದರ್ಜಿಯಮ್ಮನಿಗೆ ಸಿಟ್ಟು. ಹೊಲಿದಿಟ್ಟ ಅಂಗಿಗಳು ಗುಡ್ಡೆ ಬಿದ್ದಿದ್ದವು, ಗುಂಡಿ ಹಾಕುವವರಿರಲಿಲ್ಲ.

“ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಿನ್ನ ನೋಡೇ ಹೇಳಿರ್ಬೇಕು ಕಣೇ. ಹೋದ ವರ್ಷ ನೀವು ಕಾಲೇಜಿನೋರೆಲ್ಲ ಆ ತಗಡಿನ ಮನೆಗಳಿಗೆ ಹೋಗಿ ಹಳೇ ಬಟ್ಟೆ ಹಂಚಿದ್ರಿ, ಫೋಟೋ ಹೊಡಿಸ್ಕೊಂಡ್ರಿ. ಯಾರ ಬದುಕು ಹಸನಾಯ್ತು?”

“ಯಾರದ್ದೂ ಆಗ್ಲಿಲ್ಲಮ್ಮ,” ಮಗಳು ಒಪ್ಪಿಕೊಂಡಳು. “ಪುಟ್ಟ ಮಕ್ಕಳಿಗೆ ದೊಡ್ಡೋರ ಕೋಟು ಕೊಟ್ಟು ಬಂದಿದ್ವಿ. ಅದಕ್ಕೇ ಈ ಸಲ ಬರಿಗೈಲಿ ಹೋಗಿ, ಏನು ಬೇಕು ಅಂತ ಕೇಳಿದ್ವಿ.”

“ಏನಂದ್ರು?”

“ಚೀಲದಜ್ಜಿ ಅಂತ ಇದಾರೆ. ಗೋದಾಮಿನಲ್ಲಿ ಹರಿದ ಗೋಣಿಚೀಲ ಹೊಲಿಯೋರು. ಕಣ್ಣು ಮಂಜಾಗಿ ಹೊಲಿಗೆ ಸೊಟ್ಟ ಹೋಗ್ತಿದೆ, ಕಾಳು ಸೋರ್ತಿದೆ. ಈ ವಾರ ನೋಡಿ ಕೆಲಸ ಬಿಡಿಸ್ತೀನಿ ಅಂದಿದಾನಂತೆ ಮೇಸ್ತ್ರಿ. ನಾಳೆ ನಮಗೆ ರಜ, ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ನೀನೂ ಬಾ.”

ಕಣ್ಣು, ಹೊಲಿಗೆ ಅಂದ ಮೇಲೆ ದರ್ಜಿಯಮ್ಮನಿಗೆ ಸುಮ್ಮನಿರಲಾಗಲಿಲ್ಲ. ಮರುದಿನ ಗೊಣಗುತ್ತಲೇ ಹೊರಟಳು.

ಆಸ್ಪತ್ರೆಯ ಬೆಂಚಿನ ಮೇಲೆ ಅಜ್ಜಿ ಮುದುರಿ ಕೂತಳು. ಬೆರಳ ತುದಿಯಲ್ಲೆಲ್ಲ ಗೋಣಿ ಹೊಲಿಯುವ ದಬ್ಬಳ ಚುಚ್ಚಿದ ಗಾಯ.

“ನಾನೂ ದರ್ಜೀನೇ. ಇಷ್ಟು ದಿನ ಯಾಕೆ ತೋರಿಸ್ಲಿಲ್ಲ ಅಜ್ಜಿ?” ದರ್ಜಿಯಮ್ಮ ಕೇಳಿದಳು.

“ಒಂದ್ಸಲ ಬಂದಿದ್ದೆ ತಾಯಿ. ಒಳಗೆ ಗೋಡೆ ಮೇಲಿನ ಅಕ್ಷರ ಓದಿಸ್ತಿದ್ರು. ನನಗೆಲ್ಲಿ ಓದು? ಇದು ಓದಿದೋರಿಗೆ ಮಾತ್ರ ಅಂದ್ಕೊಂಡು ಹಂಗೇ ವಾಪಸ್ ಹೋದೆ.”

ದರ್ಜಿಯಮ್ಮ ಅಜ್ಜಿಯ ಪಕ್ಕಕ್ಕೆ ಸರಿದು ಕೂತಳು. ತಗಡಿನ ಮನೆಗಳ ಆ ಓಣಿಗೆ ಬಟ್ಟೆ ಕೊಟ್ಟವರಿದ್ದರು, ಅಕ್ಕಿ ಕೊಟ್ಟವರಿದ್ದರು. ಈ ಒಂದು ಮಾತು ಕೇಳಿಸಿಕೊಂಡವರಿರಲಿಲ್ಲ.

ಮಗಳು ಒಳಗೆ ಹೋಗಿ ಕಣ್ಣು ಪರೀಕ್ಷಿಸುವಾಕೆಗೆ ವಿಷಯ ಹೇಳಿದಳು. “ಅಕ್ಷರ ಬರದಿದ್ರೇನಂತೆ?” ಎಂದು ಆಕೆ ಅಜ್ಜಿಯನ್ನೂ ದರ್ಜಿಯಮ್ಮನನ್ನೂ ಒಳಗೆ ಕರೆದು, ಗೋಡೆಯ ಅಕ್ಷರದ ಹಲಗೆ ತಿರುಗಿಸಿದಳು. ಹಿಂದೆ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳಿದ್ದವು. “ಹಲ್ಲು ಯಾವ ಕಡೆಗಿದೆ ಅಂತ ಕೈಲಿ ತೋರ್ಸಿ, ಸಾಕು.”

ಆಮೇಲೆ ಹತ್ತಿರದ ನೋಟಕ್ಕೆ ಒಂದೊಂದೇ ಗಾಜು ಬದಲಿಸಿದಳು. ನಾಲ್ಕನೆಯ ಗಾಜಿಗೆ ಅಜ್ಜಿ ಕೈಚೀಲದಿಂದ ದಬ್ಬಳ, ಹುರಿ ತೆಗೆದಳು. “ಇದು ಸುಳ್ಳು ಹೇಳಲ್ಲ,” ಎಂದಳು. ಹುರಿ ಒಂದೇ ಸಲಕ್ಕೆ ತೂತಿನಲ್ಲಿ ನುಸುಳಿತು. ಅಜ್ಜಿ ತಲೆಯೆತ್ತಿ ಪಕ್ಕದಲ್ಲೇ ನಿಂತಿದ್ದ ದರ್ಜಿಯಮ್ಮನನ್ನು ದಿಟ್ಟಿಸಿದಳು.

“ನೀನು ದರ್ಜಿ ಅಂದ್ಯಲ್ಲ ತಾಯಿ. ನಿನ್ನ ರವಿಕೆ ತೋಳಿನ ಹೊಲಿಗೇನೇ ಬಿಚ್ಚಿಕೊಂಡಿದೆಯಲ್ಲ?”

ಎಲ್ಲರಿಗಿಂತ ಜೋರಾಗಿ ನಕ್ಕವಳು ದರ್ಜಿಯಮ್ಮನೇ.

ಕನ್ನಡಕ ಬಂತು, ಚೀಲದಜ್ಜಿಯ ಕೆಲಸ ಉಳಿಯಿತು. ಈಗ ತಾಯಿ ಮಗಳು ಸೇರಿ ಶನಿವಾರವೇ ಗುಂಡಿ ಹಾಕಿ ಮುಗಿಸುತ್ತಾರೆ. ಭಾನುವಾರ ಮೊದಲು ಚಪ್ಪಲಿ ಮೆಟ್ಟುವವಳು ತಾಯಿ.

ನಿಮ್ಮ ಮನೆಯಲ್ಲೂ ಓದುವ ಮಕ್ಕಳಿದ್ದಾರಲ್ಲವೇ? ವಾರಕ್ಕೊಂದು ಹೊತ್ತು ಅವರನ್ನು ಬಿಟ್ಟುಕೊಡಿ. ಮಕ್ಕಳೇ, ಗಂಟು ಹೊತ್ತು ಹೋಗುವ ಮೊದಲು ಒಮ್ಮೆ ಬರಿಗೈಯಲ್ಲಿ ಹೋಗಿ. ಪಕ್ಕದಲ್ಲಿ ಕೂತು, ಏನು ಬೇಕೆಂದು ಕೇಳಿ. ಬಾಗಿಲ ತನಕ ಹೋಗಿ ಹಿಂದಿರುಗಿದವರು ನಿಮ್ಮೂರಿನಲ್ಲೂ ಇದ್ದಾರೆ. ಅವರ ಜೊತೆ ಒಳಗೆ ಹೋಗಲು ಒಬ್ಬರು ಬೇಕು.