ಬಾಣಂತಿಯ ಬೆನ್ನು

ನನ್ನ ಬೀಗಿತ್ತಿ ಹೂವಮ್ಮ ಬಸ್ಸಿಳಿದು ಚೀಲ ಹಿಡಿದುಕೊಂಡು ನಮ್ಮ ಮನೆ ಕಡೆ ಬರುತ್ತಿರುವುದನ್ನು ಕಿಟಕಿಯಿಂದ ಕಂಡಾಗ ನನಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳು ಯಾಕೆ ಹೇಳಲಿ? ನನ್ನ ಮಗಳ ಬಳೆ ಶಾಸ್ತ್ರದ ದಿನ ಹೋಳಿಗೆ ದಪ್ಪವಾಯಿತು ಎಂದು ನಾಲ್ಕು ಜನರೆದುರು ಆಡಿ ತೋರಿಸಿದ ಹೆಂಗಸು ಆಕೆ. ಈಗ ಮೊಮ್ಮಗಳನ್ನು ಮಣ್ಣಿಗೆ ಕೊಟ್ಟು ವಾರವೂ ಆಗಿಲ್ಲ. ನನ್ನ ಮಗಳು ಗೋಡೆಗೆ ಮುಖ ಮಾಡಿ ಕೂತಿದ್ದಾಳೆ. ಈ ಹೊತ್ತಿನಲ್ಲಿ ಈಕೆ ಇನ್ನು ಯಾವ ತಪ್ಪು ಹುಡುಕಲು ಬರುತ್ತಿದ್ದಾಳೋ ಎಂದುಕೊಂಡೇ ಬಾಗಿಲು ತೆಗೆದೆ.

ಸುಷ್ಮಾ ನನ್ನ ಒಬ್ಬಳೇ ಮಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಅವಳನ್ನು ಮೊದಲೇ ಹೊಸನಗರಕ್ಕೆ ಕರೆತಂದಿದ್ದೆ. ಮನೆಯಲ್ಲಿ ಗೀಸರ್ ಇದ್ದರೂ ಬಾಣಂತಿಗೆ ಅದರ ನೀರು ಎಲ್ಲಿ ಸಾಕಾಗುತ್ತದೆ ಎಂದು ಹಿತ್ತಿಲ ಬಚ್ಚಲಿನ ಹಳೆಯ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದೆ. ಒಣ ಸೌದೆ ಒಟ್ಟಿಸಿದ್ದೆ. ಕೂಸಿನ ಮೈ ಒರೆಸಲು ಯಜಮಾನರ ಹಳೆಯ ಪಂಚೆಗಳನ್ನು ಹರಿದು, ಬಿಸಿನೀರಲ್ಲಿ ಒಗೆದು, ಮಡಚಿ ಇಟ್ಟಿದ್ದೆ.

ನೋವು ಕಾಣಿಸಿಕೊಂಡು ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೂಸಿನ ಎದೆಬಡಿತ ನಿಂತಿತ್ತು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತಂತೆ. ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು. ಹೆಣ್ಣು ಕೂಸು. ಸುಷ್ಮಾ ಎಲ್ಲ ತಾಯಂದಿರ ಹಾಗೇ ನೋವು ತಿಂದು ಹೆತ್ತಳು, ಆದರೆ ಮುಖ ನೋಡಲಿಲ್ಲ. ತಾಯಿಗೆ ತೋರಿಸಬಾರದು, ನೋಡಿದರೆ ಮರೆಯುವುದು ಕಷ್ಟ ಎಂದು ಹಿರಿಯರೆಲ್ಲ ಒಂದೇ ಬಾಯಲ್ಲಿ ಹೇಳಿದರು. ಅಳಿಯ ನಿರಂಜನ ಮತ್ತು ಅವನ ತಾಯಿ ಹೂವಮ್ಮ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಜೀಪಿನಲ್ಲಿ ತೀರ್ಥಹಳ್ಳಿ ಹತ್ತಿರದ ತಮ್ಮ ಊರಿಗೆ ಒಯ್ದರು. ನಾನು ಮಗಳ ಮಂಚ ಬಿಟ್ಟು ಏಳಲಿಲ್ಲ. ನಾನೂ ನೋಡಲಿಲ್ಲ.

ಮನೆಗೆ ಬಂದ ಮೇಲೆ ಸುಷ್ಮಾ ಕೇಳಿದ್ದು ಒಂದೇ ಮಾತು.

"ಅಮ್ಮ, ಪಾಪು ಹೆಂಗಿತ್ತು?"

"ಅದೆಲ್ಲ ಈಗ ಎಂತಕ್ಕೆ ಮಗಾ? ಗಂಜಿ ಕುಡಿ," ಎಂದೆ. ಮತ್ತೇನು ಹೇಳಬೇಕಿತ್ತು? ಗಂಡನಿಗೆ ಫೋನ್ ಮಾಡಿ ಅದನ್ನೇ ಕೇಳಿದಳು. ನಿರಂಜನ ಆಮೇಲೆ ಮಾಡ್ತೀನಿ ಎಂದು ಫೋನ್ ಇಟ್ಟುಬಿಟ್ಟ. ಅಲ್ಲಿಂದ ಮುಂದೆ ನನ್ನ ಮಗಳು ಮಾತು ಬಿಟ್ಟಳು. ಒಂದು ಹನಿ ಕಣ್ಣೀರಿಲ್ಲ. ಹಾಲು ಬತ್ತಲಿ ಎಂದು ಮಲ್ಲಿಗೆ ಮೊಗ್ಗು ತಂದುಕೊಟ್ಟರೆ ತಾನೇ ಎದೆಗೆ ಕಟ್ಟಿಕೊಂಡಳು, ನನ್ನ ಕೈ ತಾಗಗೊಡಲಿಲ್ಲ. ತಲೆ ಬಾಚಲು ಹೋದರೆ ಸರಿದು ಕೂತಳು. ರೂಮಿನ ತುಂಬ ಮಲ್ಲಿಗೆ ವಾಸನೆ, ಮಂಚದ ಮೇಲೆ ಕಲ್ಲಾದ ಹುಡುಗಿ. ಕೂಸಂತೂ ಹೋಯಿತು, ಇವಳೂ ಕೈ ತಪ್ಪಿ ಹೋಗುತ್ತಾಳೆ ಎಂದು ನನಗೆ ಹೆದರಿಕೆ ಹತ್ತಿತ್ತು.

ಅಂಥ ಹೊತ್ತಿನಲ್ಲಿ ಹೂವಮ್ಮ ಬಂದರು. ಕಾಲು ತೊಳೆದು, ಕೊಟ್ಟ ನೀರು ಕುಡಿದು, ಸುತ್ತ ನೋಡಿ ಕೇಳಿದರು.

"ಬಚ್ಚಲಿಗೆ ಉರಿ ಹಾಕಿಲ್ವಾ ಶೇಷಮ್ಮ?"

"ಯಾರಿಗೆ ಅಂತ ಹಾಕ್ಲಿ ಅಕ್ಕಾ?"

"ಬಾಣ್ತಿಗೆ."

ನನಗೆ ರೇಗಿತು. ಪಕ್ಕದ ಮನೆಯವಳು ಆಗಲೇ ಬೇಲಿ ಮೇಲಿಂದ ಬಗ್ಗಿ, ಕೂಸಿಲ್ಲದ ಮೇಲೆ ಎಂಥಾ ಬಾಣಂತನ ಎಂದು ಉಪದೇಶ ಮಾಡಿ ಹೋಗಿದ್ದಳು. ನಾನು ಅವಳಿಗೆ ಸರಿಯಾಗಿ ಅಂದು ಕಳಿಸಿದ್ದೆ. ಆದರೂ ಈಗ ಬೀಗಿತ್ತಿಯ ಎದುರು ನನ್ನ ಬಾಯಿಂದ ಅದೇ ಮಾತು ಬಂತು. "ಕೂಸಿಲ್ದೆ ಎಂಥಾ ಬಾಣ್ತನ ಅಕ್ಕಾ?"

"ಕೂಸಿಲ್ಲ ಅಂತ ಅವಳ ಸೊಂಟಕ್ಕೆ ಗೊತ್ತುಂಟಾ?" ಎಂದರು ಹೂವಮ್ಮ. "ಹೆತ್ತ ಮೈ ಹೆತ್ತ ಮೈಯೇ. ಬೆಂಕಿಪೊಟ್ಟಣ ಎಲ್ಲುಂಟು?"

ಅವರ ಊರಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೂ ಕೂಸಿಗೂ ನೀರು ಹಾಕಲು ಹೂವಮ್ಮನೇ ಆಗಬೇಕು ಎಂದು ಕೇಳಿದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಂಡೆಗೆ ನೀರು ತುಂಬಿದರು, ಉರಿ ಹೊತ್ತಿಸಿದರು. ಚೀಲದಿಂದ ಬಾಟಲಿ ತೆಗೆದು ಎಣ್ಣೆ ಬಿಸಿಗಿಟ್ಟರು. ಓಮ, ಬೆಳ್ಳುಳ್ಳಿ ಹಾಕಿ ಮನೆಯಲ್ಲೇ ಕಾಯಿಸಿ ತಂದ ಕೊಬ್ಬರಿ ಎಣ್ಣೆ. ಆಮೇಲೆ ರೂಮಿಗೆ ಬಂದು ಸುಷ್ಮಾಳ ಹಿಂದೆ ನಿಂತರು.

"ಮುಟ್ಬೇಡಿ ಅತ್ತೆ," ಎಂದಳು ಅವಳು, ತಿರುಗದೆ.

"ಮುಟ್ಟಲ್ಲ. ನೀರು ಕಾದಿದೆ. ಬಂದ್ರೆ ಬಾ, ಇಲ್ದಿದ್ರೆ ನಾನೇ ಮಿಂದು ಹೋಗ್ತೀನಿ. ಬಸ್ಸಲ್ಲಿ ಧೂಳು ತಿಂದು ತಿಂದು ಸಾಕಾಗಿದೆ."

ಇಷ್ಟು ಹೇಳಿ ಹೊರಟೇಹೋದರು. ಇದೆಂಥಾ ಮಾತು ಎಂದು ನಾನು ಹಲ್ಲು ಕಚ್ಚಿಕೊಂಡೆ. ಆದರೆ ಸ್ವಲ್ಪ ಹೊತ್ತಿಗೆ ಸುಷ್ಮಾ ಎದ್ದಳು. ಅತ್ತೆಯನ್ನು ಕಾಯಿಸಬಾರದು ಎಂದೋ, ಅಥವಾ ಬೆನ್ನು ಅಷ್ಟು ಸೋತಿತ್ತೋ, ಗೋಡೆ ಹಿಡಿದುಕೊಂಡು ಹಿತ್ತಿಲ ಕಡೆ ನಡೆದಳು.

ಸೊಂಟಕ್ಕೆ ಹಳೆಯ ಸೀರೆ ಸುತ್ತಿ, ಎದೆಗೆ ಟವೆಲ್ ಒತ್ತಿಕೊಂಡು ಮಣೆಯ ಮೇಲೆ ಕೂತಳು. ನಾನು ಬಾಗಿಲಲ್ಲಿ ನಿಂತೆ. ಹೂವಮ್ಮ ಒಂದಿಷ್ಟು ಎಣ್ಣೆ ಅಂಗೈಗೆ ಹಾಕಿಕೊಂಡು ತಮ್ಮ ಕೆನ್ನೆಗೆ ತಾಗಿಸಿ ಬಿಸಿ ನೋಡಿದರು. ಸುಷ್ಮಾ ಮೊದಲು ಬೆನ್ನು ಬಿಗಿಹಿಡಿದಳು. ಹೂವಮ್ಮ ಅವಸರ ಮಾಡಲಿಲ್ಲ. ಎರಡೂ ಅಂಗೈಯನ್ನು ಸೊಂಟದ ಮೇಲೆ ಸುಮ್ಮನೆ ಊರಿ ಕೂತರು. ಆ ಬಿಸಿಗೆ ಮೈ ಸ್ವಲ್ಪ ಸಡಿಲಾದ ಮೇಲೆ, ಬೆನ್ನುಮೂಳೆಯ ಎರಡೂ ಪಕ್ಕಕ್ಕೆ ಹೆಬ್ಬೆರಳು ಇಟ್ಟು ನಿಧಾನಕ್ಕೆ ಮೇಲೆ ತಂದರು. ಹೆಗಲ ಹತ್ತಿರ ಬಂದಾಗ ಅಂಗೈ ಅಗಲಿಸಿ ತೋಳಿನ ಕಡೆ ಇಳಿಸಿದರು. ಮತ್ತೆ ಸೊಂಟದಿಂದ. ನನ್ನ ಮಗಳ ಕತ್ತು ತಾನಾಗಿ ಮುಂದಕ್ಕೆ ಬಾಗುವುದನ್ನು ನೋಡಿದೆ. ಎಷ್ಟೋ ದಿನದ ಮೇಲೆ ಅವಳು ದೀರ್ಘವಾಗಿ ಉಸಿರು ಬಿಟ್ಟಳು. ಅವಳು ನನಗೆ ಕೊಡದ ಬೆನ್ನನ್ನು ಈಕೆಗೆ ಕೊಟ್ಟಳಲ್ಲ ಎಂದು ಹೊಟ್ಟೆಕಿಚ್ಚಾಯಿತು. ಆದರೂ ಆ ಕೈಗಳು ನಿಲ್ಲದಿರಲಿ ಎಂದೂ ಅನ್ನಿಸಿತು.

ಎಣ್ಣೆ ಮುಗಿಸಿ ಹದವಾದ ಬಿಸಿನೀರನ್ನು ಚೊಂಬಿನಲ್ಲಿ ತುಂಬಿ ತುಂಬಿ ಬೆನ್ನಿಗೆ ಹೊಡೆದರು. ಬಚ್ಚಲ ತುಂಬ ಹಬೆ. "ಒರೆಸೋಕೆ ಬಟ್ಟೆ ತನ್ನಿ," ಎಂದರು. ನಾನು ಒಳಗೆ ಓಡಿ ಕಪಾಟಿನಲ್ಲಿ ಕೈಗೆ ಸಿಕ್ಕಿದ, ಮಡಚಿಟ್ಟ ಬಟ್ಟೆ ಎತ್ತಿಕೊಂಡು ಬಂದೆ.

ಅಷ್ಟರಲ್ಲಿ ಹೂವಮ್ಮ ಚೊಂಬು ಬದಿಗಿಟ್ಟಿದ್ದರು. ಗೋಡೆಗೆ ಒರಗಿ ಕೂತು, ಸೀರೆಯನ್ನು ಮೊಣಕಾಲಿಗೆ ಎತ್ತಿ, ಎರಡೂ ಕಾಲನ್ನು ಜೋಡಿಸಿ ಮುಂದಕ್ಕೆ ನೀಡಿದರು. ಬಾಗಿಲಲ್ಲಿ ನಿಂತ ನನ್ನ ಕಡೆ ಎರಡೂ ಕೈ ಚಾಚಿದರು.

"ಹಾಂ, ಬಾಣ್ತಿದು ಆಯ್ತು. ಕೂಸಿನ ಕೊಡಿ ಇತ್ಲಾಗೆ."

ಜೀವಮಾನವೆಲ್ಲ ಮಾಡಿದ ಕೆಲಸ. ತಾಯಿಗೆ ನೀರು ಹಾಕಿದ ಮೇಲೆ ಕಾಲು ನೀಡಿ ಕೂಸನ್ನು ಮಲಗಿಸಿಕೊಳ್ಳುವುದು, ಬಾಗಿಲಲ್ಲಿ ನಿಂತ ಅಜ್ಜಿ ಕೂಸನ್ನು ಎತ್ತಿ ಕೊಡುವುದು. ಕಾಲಿಗೂ ಕೈಗೂ ಅದೇ ರೂಢಿ, ಮನಸ್ಸನ್ನು ಕೇಳಿ ನೀಡಿದ್ದಲ್ಲ. ನನ್ನ ಕೈಯಲ್ಲಿದ್ದದ್ದು ಕೂಸಿಗೆಂದು ಹರಿದಿಟ್ಟ ಪಂಚೆಯ ಬಟ್ಟೆ ಎಂದು ನನಗೆ ಆಗಲೇ ತಿಳಿದದ್ದು.

ಹೂವಮ್ಮನಿಗೆ ತಾವು ಆಡಿದ್ದು ಆಮೇಲೆ ಕೇಳಿಸಿತು. ಚಾಚಿದ ಕೈ ಇಳಿಸಿ ಒದ್ದೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕಾಲು ಮಡಚಿಕೊಳ್ಳುವುದು ಮರೆತಿತ್ತು.

ಸುಷ್ಮಾ ಮಣೆಯ ಮೇಲೆಯೇ ತಿರುಗಿ ಆ ಕಾಲುಗಳನ್ನು ನೋಡಿದಳು.

"ಅತ್ತೆ, ನೀವು ಪಾಪುನ ನೋಡಿದ್ರಾ?"

ಬೇಡ ಅಕ್ಕಾ, ಹೇಳಬೇಡಿ ಎಂದು ನಾನು ಬಾಯಿ ತೆರೆದೆ. ಹೂವಮ್ಮ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಸೊಸೆಯನ್ನು ನೋಡಿದರು.

"ನೋಡೋದೆಂತ ಮಗಾ, ಮೀಸಿದೀನಿ. ಇದೇ ಕಾಲ ಮೇಲೆ ಮಲಗಿಸ್ಕೊಂಡು. ಗಂಡಸ್ರು ಬೇಡ ಅಂದ್ರು, ಹೊತ್ತಾಗ್ತದೆ ಅಂದ್ರು. ನಮ್ಮನೆ ಕೂಸು ಎಣ್ಣೆ ನೀರು ಕಾಣ್ದೆ ಹೋಗ್ಬಾರ್ದು ಅಂತ ಹಟ ಮಾಡ್ದೆ." ಅವರ ದನಿ ಒಡೆಯಿತು. "ಬಿಸಿನೀರೇ ಹಾಕ್ದೆ ಕಣೆ. ತಣ್ಣೀರು ಹಾಕ್ಲಿಲ್ಲ. ಕಣ್ಣಿಗೆ ಹೋಗ್ಬಾರ್ದು ಅಂತ ಹಣೆಗೆ ಕೈ ಅಡ್ಡ ಹಿಡ್ಕೊಂಡೇ ಹಾಕ್ದೆ."

"ಹೆಂಗಿತ್ತು?"

"ತಲೆ ತುಂಬ ಕೂದ್ಲು. ಬೆರಳು ನಿರಂಜನಂದು, ಉದ್ದಕ್ಕೆ. ಮೂಗು ಮಾತ್ರ ನಿಂದೇ. ಬೋರಲು ಹಾಕಿ ಬೆನ್ನಿಗೆ ಎಣ್ಣೆ ಹಚ್ಚೋವಾಗ ನೋಡ್ದೆ, ಒಂದು ಮಚ್ಚೆ ಇತ್ತು."

"ಎಲ್ಲಿ?"

"ತಿರುಗು."

ಸುಷ್ಮಾ ಬೆನ್ನು ಕೊಟ್ಟಳು. ಹೂವಮ್ಮ ಎಡಗಡೆ ಹೆಗಲ ಮೂಳೆಯ ಕೆಳಗೆ ಹೆಬ್ಬೆರಳು ಊರಿದರು. "ಇಲ್ಲಿ. ಉದ್ದಿನ ಕಾಳಿನಷ್ಟು."

ನನ್ನ ಮಗಳು ಕೈಯನ್ನು ಹಿಂದಕ್ಕೆ ತಿರುಚಿ ಆ ಬೆರಳಿನ ತನಕ ಮುಟ್ಟಲು ನೋಡಿದಳು. ಕೈ ಎಟುಕಲಿಲ್ಲ. ಆಗ ಅಳು ಬಂತು. ಹೆರುವಾಗಲೂ ಅಷ್ಟು ಕೂಗಿದವಳಲ್ಲ ಅವಳು. ಒದ್ದೆ ನೆಲದ ಮೇಲೆ ಹಾಗೇ ಕುಸಿದು, ಅತ್ತೆ ನೀಡಿದ ಕಾಲುಗಳ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಹೂವಮ್ಮ ತಾವೂ ಅಳುತ್ತಲೇ ಅವಳ ನೆತ್ತಿಗೆ ಎಣ್ಣೆ ತಟ್ಟಿದರು. ಚೊಂಬಿನಲ್ಲಿ ನೀರು ಎತ್ತಿ, ಹಣೆಗೆ ಅಂಗೈ ಅಡ್ಡ ಹಿಡಿದು, ಕಣ್ಣಿಗೆ ಹೋಗದಂತೆ ತಲೆಗೆ ಹೊಯ್ದರು.

"ಆ ಬಟ್ಟೆ ಕೊಡಿ ಶೇಷಮ್ಮ," ಎಂದರು. ನಾನು ಕೊಟ್ಟೆ. ಕೂಸಿನ ಬಟ್ಟೆಯಲ್ಲಿ ನನ್ನ ಮಗಳ ಮುಖ ಒರೆಸಿ, ತಲೆ ಒರೆಸಿ, ನನ್ನ ಮುಂಗೈ ಹಿಡಿದು ಹತ್ತಿರಕ್ಕೆ ಎಳೆದರು. "ಬನ್ನಿ. ನೀವೂ ಅಜ್ಜಿನೇ ಅಲ್ವಾ?" ನನ್ನ ಹೆಬ್ಬೆರಳನ್ನು ಆ ಜಾಗದಲ್ಲಿ ಇಟ್ಟರು. ಸುಷ್ಮಾ ಸರಿಯಲಿಲ್ಲ. ಅಲ್ಲಿ ಏನೂ ಇರಲಿಲ್ಲ, ನನ್ನ ಮಗಳ ಬಿಸಿ ಚರ್ಮ ಅಷ್ಟೇ. ನನ್ನ ಮೊಮ್ಮಗಳನ್ನು ನಾನು ಮುಟ್ಟಿದ್ದು ಅದೇ ಮೊದಲು.

ಹೂವಮ್ಮ ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೊರಟರು. ಹೋಗುವಾಗ ಎಣ್ಣೆ ಬಾಟಲಿ ಬಿಟ್ಟುಹೋದರು. ಬಿಸಿ ಜಾಸ್ತಿ ಮಾಡಬೇಡಿ, ನಿಮ್ಮದು ಸ್ವಲ್ಪ ಒರಟು ಕೈ ಎಂದು ಅಂದೇ ಹೋದರು. ಇರಲಿ.

ಈಗ ದಿನಾ ನಾನೇ ಹಚ್ಚುತ್ತೇನೆ. ಬೇಲಿ ಕಡೆಯಿಂದ ಪಕ್ಕದ ಮನೆಯವಳು ಹೊಗೆ ನೋಡಿಕೊಂಡು ನಿಂತಿರುತ್ತಾಳೆ, ನಿಲ್ಲಲಿ. ಸೊಂಟದಿಂದ ಶುರುಮಾಡಿ ಮೇಲೆ ಬರುತ್ತೇನೆ. ಎಡಗಡೆ ಹೆಗಲ ಕೆಳಗೆ ಬಂದಾಗ ಸುಷ್ಮಾ ಉಸಿರು ಬಿಗಿಹಿಡಿಯುವುದು ಕೈಗೆ ತಿಳಿಯುತ್ತದೆ. ನಾನು ಹೆಬ್ಬೆರಳನ್ನು ಅಲ್ಲಿ ಊರಿ ನಿಲ್ಲಿಸುತ್ತೇನೆ. ಅವಳು "ಹೂಂ, ಹಚ್ಚು ಅಮ್ಮ," ಎನ್ನುವ ತನಕ ಕೈ ತೆಗೆಯುವುದಿಲ್ಲ.